ಶಕುಂತಲಾ ದೇವಿಯವರ 26 ಅಂಕಿಯ ಉತ್ತರ ಸರಿಯೇ? ಕೈಲೆಕ್ಕದಲ್ಲೇ ನೋಡೋಣ

ನಾನು ಗಣಿತ ಪಾಠ ಹೇಳುತ್ತೇನೆ ಅಂತ ಗೊತ್ತಾದ ಕೂಡಲೇ ಶಕುಂತಲಾ ದೇವಿಯವರ ಮಾತು ಬರುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಅವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿನ ಕಂಪ್ಯೂಟರ್ ವಿಭಾಗದವರು ಕೊಟ್ಟ 13 ಅಂಕಿಯ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಅದರ ಹಿಂದೆಯೇ ಪ್ರಶ್ನೆ: "ಅಷ್ಟುದ್ದದ ಉತ್ತರ ಸರಿ ಅಂತ ಕಂಪ್ಯೂಟರ್ ಇಲ್ಲದೆ ನಮ್ಮಂಥವರಿಗೆ ತಿಳಿಯೋದು ಹೇಗೆ?"

ಲೆಕ್ಕ ಇದು:

7,686,369,774,870 × 2,465,099,745,779 = 18,947,668,177,995,426,462,773,730

ಪೂರ್ತಿ ಗುಣಿಸುವುದು ಬೇಡ, ಶೇಷಗಳನ್ನು ಗುಣಿಸಿದರೆ ಸಾಕು. 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ 1 ಉಳಿಯುತ್ತದೆ. ಆದ್ದರಿಂದ ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿ 9ರಿಂದ ಭಾಗಿಸಿದರೆ ಆ ಸಂಖ್ಯೆಯ ಶೇಷವೇ ಸಿಗುತ್ತದೆ. ಮೊದಲನೆಯದರ ಮೊತ್ತ 78, ಶೇಷ 6. ಎರಡನೆಯದರದು 74, ಶೇಷ 2. ಆರೆರಡ್ಲ ಹನ್ನೆರಡು, ಅದರ ಶೇಷ 3. ಉತ್ತರದ 26 ಅಂಕಿಗಳ ಮೊತ್ತ 138. ಅದರ ಶೇಷವೂ 3. ತಾಳೆಯಾಯಿತು.

ಇಷ್ಟಕ್ಕೇ ನಂಬಬೇಡಿ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿದ್ದರೂ ಮೊತ್ತ ಅದೇ ಇರುತ್ತದೆ, ತಪ್ಪು ಸಿಕ್ಕಿಬೀಳುವುದಿಲ್ಲ. ಅದನ್ನು ಹಿಡಿಯಲು 1001 ಬೇಕು. ನನಗೆ ಬಹಳ ಪ್ರೀತಿಯ ಸಂಖ್ಯೆ ಇದು: 7, 11, 13 ಮೂರನ್ನೂ ಗುಣಿಸಿದರೆ ಬರುವುದು. 1000 ಅದಕ್ಕಿಂತ ಒಂದೇ ಕಡಿಮೆ, ಅಂದರೆ 1001ರ ಶೇಷದ ಲೆಕ್ಕದಲ್ಲಿ 1000 ಎಂದರೆ −1 ಇದ್ದಂತೆ. ಹಾಗಾಗಿ ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋಗಬೇಕು.

870 − 774 + 369 − 686 + 7 = −214
779 − 745 + 99 − 465 + 2 = −330

ಎರಡೂ ಋಣ, ಗುಣಿಸಿದರೆ ಧನ: 70,620. ಇದಕ್ಕೂ ಅದೇ ಉಪಾಯ ಮಾಡಿದರೆ 620 − 70 = 550. ಈಗ ಉತ್ತರವನ್ನು ನೋಡಿ:

730 − 773 + 462 − 426 + 995 − 177 + 668 − 947 + 18 = 550

ಪ್ರತಿ ಸಲ ಇದನ್ನು ಬೋರ್ಡಿನ ಮೇಲೆ ಬಿಡಿಸುವಾಗಲೂ ನನಗೆ ಮೈ ನವಿರೇಳುತ್ತದೆ. 9 ಮತ್ತು 1001 ಎರಡೂ ಪರೀಕ್ಷೆ ದಾಟುವ ಸಂಖ್ಯೆ, ಸಾಲಾಗಿ ಬರುವ 9009 ಸಂಖ್ಯೆಗಳಲ್ಲಿ ಒಂದೇ ಒಂದು. ಇದು ಪೂರ್ಣ ಪುರಾವೆಯಲ್ಲ ನಿಜ, ಆದರೆ ಬಾಯಿಗೆ ಬಂದ ಉತ್ತರ ದಾಟಿಹೋಗುವುದು ಕಷ್ಟ. ಭಾಜ್ಯತೆಯ ನಿಯಮಗಳನ್ನು ಬರೀ ಅಂಕಕ್ಕಾಗಿ ಬಾಯಿಪಾಠ ಮಾಡಿಸಿ, ಈ ಉಪಯೋಗವನ್ನು ಮಕ್ಕಳಿಗೆ ತೋರಿಸದೆ ಬಿಡುವುದು ದೊಡ್ಡ ನಷ್ಟ ಅಂತಲೇ ನನ್ನ ಅಭಿಪ್ರಾಯ.

ಅದೇ ಅಂಕಿಗಳು ಇನ್ನೂ ಕೆಲವು ಸಂಗತಿ ಹೇಳುತ್ತವೆ. ಕೊನೆಯಲ್ಲಿ ಒಂದೇ ಸೊನ್ನೆ ಇರುವುದರಿಂದ ಉತ್ತರ ಪೂರ್ಣವರ್ಗವಲ್ಲ. ಮೊತ್ತ 138 ಆದ್ದರಿಂದ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. 550ನ್ನು 11 ನಿಶ್ಶೇಷವಾಗಿ ಭಾಗಿಸುತ್ತದೆ, 7 ಮತ್ತು 13 ಭಾಗಿಸುವುದಿಲ್ಲ. ಇಡೀ 26 ಅಂಕಿಯ ಸಂಖ್ಯೆಗೂ ಅದೇ ಅನ್ವಯ.