ನೋಡದ ದಿನಕ್ಕೆ ಸೊನ್ನೆ ಬರೆಯೋದು ಹೆಂಗೆ?

"ಆವತ್ತು ನಾವು ನೋಡೇ ಇಲ್ಲ ಸರ್, ಸೊನ್ನೆ ಹೆಂಗೆ ಬರೀಲಿ?"

ಈ ಸೋಮವಾರ ಚಳ್ಳಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿ ಕೇಳಿದ ಮಾತು. ಕೈಯಲ್ಲಿ ಮಳೆ ಲೆಕ್ಕದ ಉದ್ದ ನೋಟ್‌ಬುಕ್. ಮರುದಿನ ತಪಾಸಣೆ ಇತ್ತು, ಖಾಲಿ ಬಿದ್ದಿರುವ ನಾಲ್ಕು ಮನೆಗೂ ಸೊನ್ನೆ ತುಂಬಿಬಿಡು ಅಂದಿದ್ದರು ಮೇಷ್ಟ್ರು. ಎರಡು ಭಾನುವಾರದವು, ಇನ್ನೆರಡು ಗಾಳಿಗೆ ಮಳೆ ಅಳೆಯುವ ಬಾಟಲಿ ಉರುಳಿದ ದಿನಗಳವು. ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಬರೆಯಲಿಲ್ಲ.

ಮೇಷ್ಟ್ರು ಕೆಟ್ಟವರಲ್ಲ. ತಮ್ಮ ದುಡ್ಡಲ್ಲೇ ಸಾಮಾನು ತಂದು ಮಕ್ಕಳ ಕೈಲಿ ಮಳೆಮಾಪಕ ಮಾಡಿಸಿದವರು. ಆದರೆ ಮಳೆ ಬಂದರೆ ಮಾತ್ರ ಅಳತೆ, ಬರದಿದ್ದರೆ ಅಳೆಯೋಕೆ ಏನಿದೆ ಅನ್ನೋ ಭಾವನೆ ಅವರಿಗೂ ಇದೆ, ಎಷ್ಟೋ ದೊಡ್ಡ ದೊಡ್ಡವರಿಗೂ ಇದೆ. ಬಯಲುಸೀಮೆಯಲ್ಲಿ ವರ್ಷದ ಬಹುಪಾಲು ದಿನ ಬೀಳುವುದೇ ಸೊನ್ನೆ. ಬೆಳಿಗ್ಗೆ ಎದ್ದು ಹೋಗಿ, ಬಾಟಲಿ ನೋಡಿ, ಒಣಗಿದೆ ಎಂದು ಖಾತ್ರಿಯಾದ ಮೇಲೆ ಬರೆಯುವ ಸೊನ್ನೆಯೂ ಒಂದು ಅಳತೆಯೇ. ನೋಡದೆ ಬರೆದರೆ ಅದು ಸುಳ್ಳು.

ಆ ನೋಟ್‌ಬುಕ್ಕಿನಲ್ಲೇ ನೋಡಿ. ಶನಿವಾರ ಒಂಬತ್ತೂವರೆಗೆ ಬಾಟಲಿ ಖಾಲಿ ಮಾಡಿದ್ದಾರೆ. ಸೋಮವಾರ ಅದೇ ಹೊತ್ತಿಗೆ 8 ಮಿಲಿಮೀಟರ್ ಸಿಕ್ಕಿದೆ. ಭಾನುವಾರಕ್ಕೆ ಸೊನ್ನೆ ಹಾಕಿದರೆ ಅಷ್ಟೂ ಮಳೆ ಭಾನುವಾರ ಬೆಳಿಗ್ಗೆಯಿಂದ ಈಚೆಗೆ ಬಿತ್ತು ಎಂದಾಯಿತು. ನಾಲ್ಕು ನಾಲ್ಕು ಅಂತ ಹಂಚಿದರೆ ಎರಡು ಮಳೆ ದಿನ ಹುಟ್ಟಿಕೊಳ್ಳುತ್ತವೆ, ಯಾಕೆಂದರೆ ಹವಾಮಾನ ಇಲಾಖೆ 2.5 ಮಿಲಿಮೀಟರಿಗೆ ಕಡಿಮೆಯಿಲ್ಲದ ದಿನವನ್ನು ಮಳೆ ದಿನ ಎಂದು ಎಣಿಸುತ್ತದೆ. ಎರಡೂ ಬೇಡ. ಭಾನುವಾರದ ಮನೆಯಲ್ಲಿ ಒಂದು ಗೀಟು, ಸೋಮವಾರದ್ದರಲ್ಲಿ "8, ಎರಡು ದಿನದ್ದು". ನಾಲ್ಕು ಹನಿ ಉದುರಿ, ಅಳತೆಗೆ ಸಿಗದಿದ್ದರೆ "ಹನಿ" ಅಂತಲೇ ಬರೆಯಬೇಕು, ಅದೂ ಸೊನ್ನೆಯಲ್ಲ.

ಬಾಟಲಿ ಉರುಳಿದ್ದು ಮಾತ್ರ ಮಕ್ಕಳ ತಪ್ಪಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಇದು, ಆರಿದ್ರಾ ಹೊತ್ತಿಗೆ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಅದಕ್ಕೆ ಯಾವ ಲೆಕ್ಕ? ಸುತ್ತ ನಾಲ್ಕು ಇಟ್ಟಿಗೆ ಒತ್ತಾಗಿ ನಿಲ್ಲಿಸಿದರೆ ಸಾಕು. ಬಾಯಿ ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿರಲಿ. ತಗ್ಗಿದರೆ ಕೆಮ್ಮಣ್ಣಿನ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಬರುತ್ತದೆ, ತಾರಸಿ ಮೇಲಿಟ್ಟರೆ ಗಾಳಿ ಹನಿಗಳನ್ನು ಬಾಯಿಯಾಚೆ ಒಯ್ಯುತ್ತದೆ. ಬೇವಿನ ಮರ ಐದು ಮೀಟರ್ ಎತ್ತರ ಇದ್ದರೆ ಹತ್ತು ಮೀಟರ್ ದೂರ.

ಇನ್ನೊಂದು ದೋಷವನ್ನು ಯಾರೂ ಗಮನಿಸಿರಲಿಲ್ಲ. ಕೂಲ್‌ಡ್ರಿಂಕ್ಸ್ ಬಾಟಲಿಯ ತಳ ಉಬ್ಬುತಗ್ಗು. ಅದಕ್ಕೇ ಬೆಣಚುಕಲ್ಲು ಹಾಕಿ, ಮುಳುಗುವಷ್ಟು ನೀರು ತುಂಬಿ, ನೀರಿನ ಮಟ್ಟಕ್ಕೆ ಸೊನ್ನೆ ಗೆರೆ ಎಳೆದಿದ್ದರು. ಎಷ್ಟೋ ಕಡೆ ಹೇಳಿಕೊಡುವುದೂ ಹೀಗೇ. ಆದರೆ ಈ ಒಣಗಾಳಿಗೆ ಆ ನೀರು ಆರಿ ಮಟ್ಟ ಗೆರೆಗಿಂತ ಕೆಳಗಿಳಿಯುತ್ತದೆ, ಆಮೇಲೆ ಬಿದ್ದ ಸಣ್ಣ ಮಳೆ ಆ ಹಳ್ಳ ತುಂಬಲಿಕ್ಕೇ ಮುಗಿದುಹೋಗುತ್ತದೆ. ಬಿದ್ದ ಮಳೆಯೂ ಸೊನ್ನೆಯಾಗುವುದು ಇಲ್ಲಿ! ತಳಕ್ಕೆ ಸಿಮೆಂಟು ಹಾಲು ಹುಯ್ದು ಮಟ್ಟ ಮಾಡಿ ಒಣಗಿಸಿದರೆ ಈ ತಾಪತ್ರಯ ಇಲ್ಲ. ಕತ್ತರಿಸಿದ ಮೇಲ್ಭಾಗವನ್ನು ಆಲಿಕೆಯ ಹಾಗೆ ಬೋರಲು ಕೂರಿಸಿದರೆ ಒಳಗಿನ ನೀರೂ ಬೇಗ ಆರುವುದಿಲ್ಲ.

ನಡು ಸಣ್ಣಗಿರುವ ಬಾಟಲಿಗೆ ಸ್ಕೇಲು ಅಂಟಿಸಿ ಪ್ರಯೋಜನವಿಲ್ಲ. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ 10 ಮಿಲಿಲೀಟರಿನ ಸಿರಿಂಜು, ಸೂಜಿ ತೆಗೆದು. ಆಲಿಕೆಯ ಬಾಯಿ 10 ಸೆಂಟಿಮೀಟರ್ ಅಗಲವಿದ್ದರೆ ವಿಸ್ತೀರ್ಣ 78.5 ಚದರ ಸೆಂಟಿಮೀಟರ್, ಅಂದರೆ 7.85 ಮಿಲಿಲೀಟರ್ ನೀರಿಗೆ ಒಂದು ಮಿಲಿಮೀಟರ್ ಮಳೆ. ಸೋಮವಾರ ಆರು ಸಿರಿಂಜು ತುಂಬಿ, ಏಳನೆಯದರಲ್ಲಿ ಮೂರು ಗೆರೆ ಬಂತು, 63 ಮಿಲಿಲೀಟರ್. ಭಾಗಿಸಿ 8 ಅಂತ ಹೇಳಿದವಳೂ ಅದೇ ಹುಡುಗಿ.

ಗಾಳಿಯ ತೇವ ಲೆಕ್ಕ ಹಾಕಲು ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರೂ ಶಾಲೆಯಲ್ಲಿದೆ. ಅದರ ಬಟ್ಟೆಯೂ ಬೆಳ್ಳಗೆ ಗಡುಸಾಗಿತ್ತು, ಬೋರ್ ನೀರಿನ ಉಪ್ಪು. ಬಟ್ಟೆ ನೀರು ಹೀರದಿದ್ದರೆ ಬಲ್ಬು ತಣಿಯುವುದಿಲ್ಲ, ಒಣಹವೆಯಲ್ಲೂ ತೇವ ಜಾಸ್ತಿ ಎಂದು ಲೆಕ್ಕ ಬರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟರೆ ಆಯಿತು.

ಹುಡುಗಿಯ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ನೋಡೇ ಇಲ್ಲ, ಹೆಂಗೆ ಬರೀಲಿ? ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ ಎಂದು ಇವತ್ತು ಎದೆ ತಟ್ಟಿ ಹೇಳುತ್ತೇವೆ. ನಡುವಿನ 89 ವರ್ಷ ನೀರು ಇಳಿದಾಗಲೂ ಮಟ್ಟ ನೋಡಿ ಬರೆದಿಟ್ಟವರಿದ್ದರು ಎಂದೇ ಆ ಮಾತಿಗೆ ಬಲ. ಶೇಂಗಾ ಬಿತ್ತಿದ ಮೇಲೆ ಮಳೆ ಎಷ್ಟು ದಿನ ಕೈಕೊಟ್ಟಿತು ಎಂದು ಎಣಿಸುವುದು ಸೊನ್ನೆಗಳನ್ನೇ. ನೋಡದ ದಿನದ ಸೊನ್ನೆಗಳೂ ಅದರಲ್ಲಿ ಬೆರೆತರೆ, ನಿಜವಾಗಿ ಒಣಗಿದ ದಿನವನ್ನು ಯಾರು ನಂಬಬೇಕು? ಹದಿಮೂರು ವರ್ಷದ ಮಗುವಿಗೆ ತಿಳಿದದ್ದನ್ನು ತಪಾಸಣೆಗೆ ಬರುವವರೂ ತಿಳಿಯಬೇಕು. ಖಾಲಿ ಮನೆ ಕಂಡರೆ ಯಾಕೆಂದು ಕೇಳಲಿ, ಬೈಯುವುದು ಬೇಡ. ಬೈಗುಳಕ್ಕೆ ಹೆದರಿಯೇ ಮೇಷ್ಟ್ರುಗಳು ಸೊನ್ನೆ ತುಂಬಿಸುವುದು.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಕೆಂಪು ಪೆನ್ನು ತಗೊಂಡು ನಾಲ್ಕು ಮನೆಗೂ ಗೀಟೆಳೆದು, ಪಕ್ಕದಲ್ಲಿ "ನೋಡಿಲ್ಲ" ಎಂದು ಬರೆದು ಸಹಿ ಹಾಕಿದರು. ಶಾಲೆಯ ಹಿಂದಿನ ಬೀದಿಯಲ್ಲಿ ಇಬ್ಬರು ಮಕ್ಕಳ ಮನೆ ಇದೆ. ಬರುವ ಭಾನುವಾರದಿಂದ ಒಂಬತ್ತೂವರೆಗೆ ಗೇಟಿನ ಕೀಲಿ ಅವರ ಕೈಲಿ.