ಎಂಟಡಿ ಅಗಲದ ಹಲ್, ಕಂಟೇನರಿನ ಬಾಗಿಲು

14 ಜೂನ್ 2025, ಶನಿವಾರ
ಕೋಡಿಬಾಗ, ಕಾರವಾರ

ಬೆಳಿಗ್ಗೆ ಆರೂವರೆಗೇ ಕಾಳಿ ಹೊಳೆ ದಂಡೆಗೆ ಹೋಗಿದ್ದೆ, ಹುಣ್ಣಿಮೆ ಕಳೆದು ಮೂರೇ ದಿನ ಆಗಿದ್ದಕ್ಕೆ ನೀರು ಚೆನ್ನಾಗಿ ಇಳಿದಿತ್ತು, ಕಾಂಡ್ಲಾ (ಮ್ಯಾಂಗ್ರೋವ್) ಬೇರಿನಾಚೆ ಉದ್ದಕ್ಕೂ ಬರೀ ಕೆಸರು. ಕೋಲು ಚುಚ್ಚಿ ನೋಡಿದ್ರೆ ತೊಡೆಮಟ್ಟ ಹೋಯ್ತು. ಇಂಥ ಕಡೆ ಪ್ರೊಪೆಲ್ಲರ್ ನೀರೊಳಗಿರೋ ಯಾವ ದೋಣಿನೂ ನಡೆಯಲ್ಲ, ಮನುಷ್ಯ ಇಳಿದ್ರೆ ಅವನೂ ಹೂತ್ಕೋತಾನೆ. ಹೋದ ವರ್ಷ ಆಗಸ್ಟ್ 7ರ ನಡುರಾತ್ರಿ ಹಳೇ ಕಾಳಿ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತಲ್ಲ, ಆ ಡ್ರೈವರ್ ಬದುಕಿದ್ದು ಮೀನುಗಾರರು, ಪೊಲೀಸರು ಕತ್ತಲಲ್ಲೇ ದೋಣಿ ತಗೊಂಡು ಹೋಗಿದ್ದಕ್ಕೆ. ಅದೇ ಲಾರಿ ಇಳಿತದ ಹೊತ್ತಲ್ಲಿ ಕೆಸರಿನ ಕಡೆ ಬಿದ್ದಿದ್ರೆ ಯಾವ ದೋಣಿ ಹೋಗ್ತಿತ್ತು ಅಂತ ಅವತ್ತಿಂದ ಯೋಚನೆ ಹತ್ತಿದೆ, ಅಲ್ಲಿಂದಲೇ ಈ ಏರ್‌ಬೋಟ್ ತಲೆಗೆ ಬಂದಿದ್ದು. ಮಾಡೋ ಕೆಲಸ ಸಮುದ್ರದಾಚೆಯ ಒಂದು ಕಂಪನಿಗೆ ಕೊಟ್ಟಿದ್ದೇವೆ, ಅವರ ಜೊತೆ ಮಾತುಕತೆ ನಡೀತಾ ಇದೆ.

ಮೇಲಿನ ಫ್ಯಾನ್ ಗಾಳಿ ತಳ್ಳಿ ಓಡೋ ದೋಣಿ ಅದು, ನೀರೊಳಗೆ ಏನೂ ಇಲ್ಲ, ಚುಕ್ಕಾಣಿ ಕೂಡ ಆ ಗಾಳಿಯಲ್ಲೇ ಕೆಲಸ ಮಾಡೋದು. ಕೆಸರು, ಹುಲ್ಲು, ಒಂದು ಗೇಣು ನೀರು, ಎಲ್ಲಾದ್ರೂ ಜಾರ್ಕೊಂಡು ಹೋಗ್ತದೆ. ಆದ್ರೆ ಬ್ರೇಕಿಲ್ಲ, ರಿವರ್ಸ್ ಇಲ್ಲ, ಇಂಜಿನ್ ಎತ್ತರದಲ್ಲಿ ಕೂತಿರ್ತದೆ, ತಳ ಚಪ್ಪಟೆ. ಫ್ಲೋರಿಡಾದ ಎವರ್‌ಗ್ಲೇಡ್ಸಿನಂಥ ನಿಂತ ನೀರಿಗೆ ಹುಟ್ಟಿದ ದೋಣಿ ಇದು, ನಮ್ಮ ಅಳಿವೆ ಬಾಯಲ್ಲಿ ಮಳೆಗಾಲದ ತೆರೆ ಒಡೆಯೋ ರೀತಿ ಅದಕ್ಕೆ ಗೊತ್ತಿಲ್ಲ. ಮುಂಭಾಗ ತಗ್ಗಿದ್ರೆ ಒಂದೇ ತೆರೆ ಒಳಗೆ ಬಂದು ಕೂರ್ತದೆ, ನಡುವೆ ಇಂಜಿನ್ ಬಂದಾದ್ರೆ ಹಿಂದಿನ ಹಲಗೆ ಮೇಲಿಂದಲೂ ನೀರು ನುಗ್ತದೆ. ಹಾಗಾಗಿ ಬದಿಯ ಅಂಚಿನ ಎತ್ತರ ಹದಿನೈದು ಇಂಚಿದ್ದ ಅವರ ಮೊದಲ ಡ್ರಾಯಿಂಗ್ ನಾನು ಒಪ್ಪಲಿಲ್ಲ. ಅಂಚು ಇಪ್ಪತ್ತೆರಡು ಇಂಚು, ಮೂತಿ ಇನ್ನೂ ಮೇಲೆ ಎದ್ದಿರಬೇಕು, ಒಳಗೆ ಫೋಮ್ ತುಂಬಿರಬೇಕು, ಮುಳುಗಿದ್ರೂ ತೇಲ್ಬೇಕು ಅಂತ ಬರೆದು ಕಳಿಸ್ದೆ. ಇಷ್ಟಾದ್ರೂ ಈ ದೋಣಿ ಅಳಿವೆ ಒಳಗಿನದ್ದೇ, ಕಡಲಿನ ಕೂರ್ಮಗಡ ದ್ವೀಪದ ಕಡೆ ಜನ ತುಂಬ್ಕೊಂಡು ಹೋಗೋದಕ್ಕಲ್ಲ, ಇದನ್ನ ನಮ್ಮ ಹುಡುಗರಿಗೆ ಈಗಲೇ ಹೇಳಿಟ್ಟಿದ್ದೇನೆ.

ಲೋಹದ ವಿಷಯದಲ್ಲಿ ವಾರ ಕಳೀತು. ಹಲ್ ಅಂದ್ರೆ ದೋಣಿಯ ಒಡಲು, ಅದು ಫೈಬರ್ ಆದ್ರೆ ತುಕ್ಕಿನ ಚಿಂತೆ ಇಲ್ಲ, ರಿಪೇರಿ ಮಾಡೋರೂ ಇಲ್ಲೇ ಬೈತಖೋಲಲ್ಲಿ ಸಿಗ್ತಾರೆ, ಅಣ್ಣಂಗೆ ಅದೇ ಇಷ್ಟ. ಆದ್ರೆ ಕಲ್ವದ ಚಿಪ್ಪು ಹತ್ತಿದ ಬಂಡೆ ಮೇಲೆ ದಿನಾ ಉಜ್ಜಿದ್ರೆ ಫೈಬರಿನ ಹೊರಪದರ, ಜೆಲ್‌ಕೋಟ್ ಎಷ್ಟು ದಿನ ಬಾಳ್ತದೆ? ನಾನು ಅಲ್ಯುಮಿನಿಯಂ ಹಿಡ್ಕೊಂಡೆ, ಅದೂ 5086 ಗ್ರೇಡ್, ಮ್ಯಾಗ್ನೀಷಿಯಂ ಬೆರೆಸಿದ್ದು, ಉಪ್ಪುನೀರು ತಡ್ಕೊಳ್ತದೆ. 6061 ಸುಲಭವಾಗಿ ಸಿಗ್ತದೆ ಅಂತ ಒಬ್ರು ಹೇಳಿದ್ರು, ಆದ್ರೆ ವೆಲ್ಡ್ ಮಾಡಿದ ಜಾಗದಲ್ಲಿ ಅದರ ಬಲ ಇಳೀತದೆ, ತಳದ ಶೀಟಿಗೆ ಬೇಡ. ರಿವೆಟ್ ಕೂಡ ಬೇಡ ಅಂದೆ, ತೆರೆ ಮೇಲೆ ತಳ ಪಟಪಟ ಬಡಿದು ಬಡಿದು ಸಡಿಲಾಗ್ತದೆ, ಆ ಸಂದಿಲಿ ಉಪ್ಪು ಕೂರ್ತದೆ. ತಳಕ್ಕೆ ಪಾಲಿಮರ್ ಹಾಳೆ ಹೊದಿಸಿ ಕೊಡ್ತೀವಿ ಅಂದ್ರು, ಒಣ ನೆಲದಲ್ಲೂ ಜಾರ್ತದಂತೆ, ಮನಸ್ಸಾಯ್ತು ನಿಜ, ಆದ್ರೆ ಹಾಳೆಗೂ ಲೋಹಕ್ಕೂ ನಡುವೆ ಮರಳು, ಉಪ್ಪುನೀರು ಸಿಕ್ಕಿಬಿದ್ರೆ ಕಣ್ಣಿಗೆ ಕಾಣದ ಹಾಗೆ ಒಳಗಿಂದ ತಿಂತದೆ. ಅದರ ಬದಲು ತಳದ ಶೀಟನ್ನೇ 4.8 ಮಿಮೀ ದಪ್ಪ ಕೇಳಿದೆ.

ಇನ್ನು ಸ್ಟೀಲ್ ಬೋಲ್ಟು. ಸ್ಟೇನ್‌ಲೆಸ್ ಅಂತ ನಂಬಿ ಅಲ್ಯುಮಿನಿಯಂಗೆ ನೇರ ಬಿಗಿದ್ರೆ ಉಪ್ಪುನೀರಲ್ಲಿ ಸುತ್ತ ಬಿಳಿ ಪುಡಿ ಏಳ್ತದೆ, ನಾಶ ಆಗೋದು ಅಲ್ಯುಮಿನಿಯಂದು. ನಡುವೆ ನೈಲಾನ್ ವಾಷರ್ ಬೇಕೇ ಬೇಕು. ನಮ್ಮಲ್ಲಿ ಮರದ ದೋಣಿ ತಳಕ್ಕೆ ಬಳಿಯೋ ತಾಮ್ರದ ಕೆಂಪು ಪೇಂಟ್ ಇದಕ್ಕೆ ಮುಟ್ಟಿಸಲೂ ಬಾರದು. ಆನೋಡ್, ಅಂದ್ರೆ ಹಲ್ ಬದಲು ತಾನೇ ಸವೆಯೋ ಲೋಹದ ತುಂಡು, ಅದೂ ಜಿಂಕಿಂದು ಬಿಟ್ಟು ಅಲ್ಯುಮಿನಿಯಂದು ಹೇಳಿದ್ದೇನೆ, ಯಾಕಂದ್ರೆ ಮಳೆಗಾಲದಲ್ಲಿ ಕಾಳಿ ಸಿಹಿನೀರು ತರ್ತಾಳೆ, ಸಿಹಿನೀರಲ್ಲಿ ಜಿಂಕಿನ ಮೇಲೆ ಪೊರೆ ಕಟ್ಟಿ ಅದು ಕೆಲಸವೇ ನಿಲ್ಲಿಸ್ತದೆ.

ಇಷ್ಟೆಲ್ಲ ಮುಗೀತು ಅನ್ನೋವಾಗ ಸಾಗಾಟದ್ದು ಬಂತು ನೋಡಿ. ಹಲ್ ಉದ್ದ ಹದಿನೆಂಟಡಿ, ಅಗಲ ಎಂಟಡಿ ಅಂದ್ರೆ 2.44 ಮೀಟರ್. ಇಪ್ಪತ್ತಡಿ ಕಂಟೇನರಿನ ಒಳಗಿನ ಉದ್ದ 5.9 ಮೀಟರ್, ಉದ್ದಕ್ಕೆ ತೊಂದರೆ ಇಲ್ಲ, ಆದ್ರೆ ಬಾಗಿಲಿನ ಅಗಲ 2.34 ಅಷ್ಟೇ! ಹತ್ತು ಸೆಂಟಿಮೀಟರಿಗೆ ಸಿಕ್ಕಿಬಿತ್ತು. ಅಗಲ ಏಳಡಿಗೆ ಇಳಿಸಿ ಕೊಡ್ತೀವಿ ಅಂತ ಅಲ್ಲಿಂದ ಮೆಸೇಜು, ಅಣ್ಣನೂ ಹೂಂ ಅಂದ, ನಂಗೆ ಮಾತ್ರ ಮನಸ್ಸೇ ಒಪ್ಪಲಿಲ್ಲ, ಅಷ್ಟೆತ್ತರದಲ್ಲಿ ಇಂಜಿನ್ ಇಟ್ಕೊಂಡು ಅಡ್ಡ ತೆರೆಗೆ ಸಿಕ್ಕಾಗ ಹಿಡಿದು ನಿಲ್ಲಿಸೋದೇ ಆ ಅಗಲ, ಪೆಟ್ಟಿಗೆಗೆ ಹಿಡಿಸಬೇಕು ಅಂತ ದೋಣಿ ಸಣ್ಣ ಮಾಡೋದಾ?

ಮಧ್ಯಾಹ್ನ ಜೋರು ಮಳೆ, ಶೆಡ್ಡಿನ ಗೋಡೆ ಮೇಲೆ ಸುಣ್ಣದ ಕಡ್ಡಿಲಿ ಬಾಗಿಲು ಬರೆದೆ, ಅಗಲ 2.34, ಎತ್ತರ 2.28. ದೋಣಿ ಒಡಲಿನ ಅಡ್ಡ ಅಳತೆಗೆ ಪ್ಲೈವುಡ್ ಕತ್ತರಿಸಿ, ಇಬ್ರೂ ಹಿಡ್ಕೊಂಡು ನಿಧಾನ ವಾಲಿಸ್ತಾ ಹೋದ್ವಿ. ಮೂವತ್ತು ಡಿಗ್ರಿಲಿ ಇನ್ನೂ ಗೆರೆ ದಾಟ್ತಿತ್ತು. ಮೂವತ್ತೈದಕ್ಕೆ ಒಳಗೆ ಕೂತಿತು. ನಲವತ್ತಕ್ಕೆ ಎರಡೂ ಕಡೆ ಕೈ ತೂರಿಸುವಷ್ಟು ಜಾಗ, ಮೇಲೂ ಬೇಕಾದಷ್ಟು. ಅಣ್ಣ ಪ್ಲೈವುಡ್ ಬಿಡದೇನೇ ನನ್ನ ಮುಖ ನೋಡ್ದ, ನನಗೆ ಕಣ್ಣು ತುಂಬಿ ಬಂತು.

ಸಂಜೆ ಮೇಲ್ ಕಳಿಸಿದೆ: ಅಗಲ ಎಂಟಡಿಯೇ ಇರಲಿ, ನಲವತ್ತು ಡಿಗ್ರಿ ವಾಲಿಸಿದ ಮರದ ತೊಟ್ಟಿಲು ಮಾಡಿ, ಹುಳ ಸಾಯೋ ಹಾಗೆ ಕಾಯಿಸಿದ್ದಕ್ಕೆ ಆ ಮರಕ್ಕೆ ಹೀಟ್ ಟ್ರೀಟ್‌ಮೆಂಟ್ ಮುದ್ರೆ ಇರಲೇಬೇಕು, ಫೋಟೋ ಕಳಿಸಿ. ಫ್ಯಾನಿನ ಪಂಜರ, ಇಂಜಿನ್ ಸ್ಟ್ಯಾಂಡ್ ಬಿಚ್ಚಿ ಎತ್ತಿದ ಬದಿಯ ಕೆಳಗೆ ಹಾಕಿ. ಕಬ್ಬಿಣದ ಸರಪಳಿ ಬೇಡ, ಪಟ್ಟಿ ಬಿಗಿಯಿರಿ. ಪ್ಲಾಸ್ಟಿಕ್ ಸುತ್ತಲೇಬೇಡಿ, ಸಮುದ್ರದ ಮೇಲೆ ಕಂಟೇನರ್ ಒಳಗೆ ಬೆವರ್ತದೆ, ಆ ನೀರು ಪ್ಲಾಸ್ಟಿಕ್ಕಿನೊಳಗೆ ನಿಂತ್ರೆ ಹೊಸ ಹಲ್ ಇಲ್ಲಿ ಬರೋಷ್ಟರಲ್ಲೇ ಕಲೆ ಬಿದ್ದಿರ್ತದೆ. ಮಂಗಳೂರು ಬಂದರಲ್ಲಿ ಇಳಿಸಿ, ಅಲ್ಲಿಂದ ಹೆದ್ದಾರಿ 66ರಲ್ಲಿ ಟ್ರೈಲರ್ ತರೋದು ನಮ್ಮ ಜವಾಬ್ದಾರಿ. ಬರೀ ಹಲ್ ನಾನೂರು ಕೆಜಿ ಒಳಗೇ ಅಂದಿದ್ದಾರೆ, ಜುಲೈ 31ರವರೆಗೆ ಟ್ರಾಲರುಗಳೆಲ್ಲ ಕಟ್ಟೇ ಇರ್ತವೆ, ಆಮೇಲೆ ಬಂದ್ರೂ ಇಳಿಸೋಕೆ ಹತ್ತು ಜನ ಬರ್ತೀವಿ ಅಂತ ಪಕ್ಕದ ಮನೆಯವರು ಈಗಲೇ ಹೇಳಿದ್ದಾರೆ.