ಫೈಬರ್ ದೋಣಿಯಲ್ಲಿ ರೆಸಿನ್ ಎಂಬ ಹೊರೆ

ಕೇರಳದ ವೈಕ್ಕಂನಲ್ಲಿ 2017ರಲ್ಲಿ ಸೇವೆಗಿಳಿದ ಸೋಲಾರ್ ದೋಣಿ ‘ಆದಿತ್ಯ’ದ ಜೋಡಿ ಒಡಲು ಫೈಬರ್‌ಗ್ಲಾಸ್‌ನದು. 75 ಜನ ಹಿಡಿಸುವ ದೋಣಿಗೆ ಚಾವಣಿಯಲ್ಲಿ 20 ಕಿಲೋವ್ಯಾಟ್ ಪ್ಯಾನೆಲ್, ಒಳಗೆ ಸುಮಾರು 50 ಯೂನಿಟ್ ಹಿಡಿಯುವ ಬ್ಯಾಟರಿ. ಒಡಲು ಭಾರವಾದರೆ ಬ್ಯಾಟರಿ ದೊಡ್ಡದು ಬೇಕು, ಆ ಬ್ಯಾಟರಿಯೇ ಮತ್ತಷ್ಟು ಭಾರ.

ಆದರೆ ಫೈಬರ್ ಅಂದಮಾತ್ರಕ್ಕೆ ಹಗುರವಾಗುವುದಿಲ್ಲ. ಗಾಜಿನ ನಾರಿನ ಮ್ಯಾಟ್‌ಗೆ ರೋಲರ್ ಹಿಡಿದು ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ ಹಚ್ಚಿದ ಪದರದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ರೆಸಿನ್‌ದೇ. ಬಲ ಕೊಡುವುದು ಗಾಜಿನ ನಾರು. ಬ್ಯಾಗ್ ಹೊದಿಸಿ ಗಾಳಿ ಎಳೆದು, ಒಣ ನಾರಿಗೆ ರೆಸಿನ್ ಹೀರಿಸುವ ವ್ಯಾಕ್ಯೂಮ್ ಇನ್ಫ್ಯೂಷನ್‌ನಲ್ಲಿ ನಾರಿನ ಪಾಲು ತೂಕದ ಶೇ. 65ರ ಆಸುಪಾಸು ತಲುಪುತ್ತದೆ. ಪದರವನ್ನು ದಪ್ಪದಲ್ಲಿ ಇಬ್ಭಾಗ ಮಾಡಿ ನಡುವೆ ಪಿವಿಸಿ ಫೋಮ್ ಇಟ್ಟು ಒಟ್ಟು ದಪ್ಪ ನಾಲ್ಕು ಪಟ್ಟಾದರೆ, ಬಾಗದೆ ನಿಲ್ಲುವ ಬಿಗುಪು ಸುಮಾರು 37 ಪಟ್ಟಾಗುತ್ತದೆ. ಫೋಮ್‌ನ ತೂಕವೋ, ಘನ ಮೀಟರಿಗೆ ಬರೀ 80 ಕಿಲೋ.

ಇನ್ಫ್ಯೂಷನ್‌ಗೆ ಅಚ್ಚಿಗೆ ಮೇಣ, ಹೊರಮೈಯಾಗುವ ಜೆಲ್‌ಕೋಟ್ ಆದಮೇಲೆ ಗಾಜಿನ ನಾರಿನ ಒಣ ಬಟ್ಟೆ, ತೂತು ಕೊರೆದ ಫೋಮ್, ಮತ್ತೆ ಬಟ್ಟೆ. ಮೇಲೆ ಪೀಲ್ ಪ್ಲೈ ಎಂಬ, ಆಮೇಲೆ ಕಿತ್ತು ತೆಗೆಯುವ ಬಟ್ಟೆ, ರೆಸಿನ್ ಹರಿಯುವ ಜಾಲರಿ, ಕೊನೆಗೆ ಬ್ಯಾಗ್. ಗಾಳಿ ಎಳೆದು ಪಂಪಿನ ವಾಲ್ವ್ ಮುಚ್ಚಿ, ಗೇಜ್ ನೋಡುತ್ತ ಕಾಯಿರಿ. ಮುಳ್ಳು ಜಾರಿದರೆ ಸೋರಿಕೆ ಸಿಗುವವರೆಗೂ ರೆಸಿನ್ ಕಲಸಬೇಡಿ. ಸಣ್ಣ ಸೋರಿಕೆಯೂ ಪದರದೊಳಗೆ ಗುಳ್ಳೆಯ ಸಾಲು ಎಳೆಯುತ್ತದೆ.

ಫೋಮ್ ಹಲಗೆಗಳ ನಡುವೆ ಸಂದು ಬಿಟ್ಟರೆ ರೆಸಿನ್ ಆ ದಾರಿ ಹಿಡಿದು ಮುಂದೆ ಓಡುತ್ತದೆ, ಹಿಂದೆ ಬಟ್ಟೆ ಬೆಳ್ಳಗೆ ಒಣಗಿಯೇ ಉಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ರೆಸಿನ್ ಬೇಗ ಗಟ್ಟಿಯಾಗುವುದರಿಂದ ಬೆಳಗಿನ ತಂಪಲ್ಲೇ ಕೆಲಸ ಹಿಡಿಯುವುದು ಲೇಸು. ಬಕೆಟ್‌ನಲ್ಲಿ ಉಳಿದ ರೆಸಿನ್ ತನ್ನ ಕಾವಿಗೆ ತಾನೇ ಹೊಗೆಯಾಡಬಹುದು, ತೆಳುವಾಗಿ ಹರಡಿಡಿ.

ಇಂಥ ದೋಣಿ ಹಾಳಾಗಲು ಬೋಲ್ಟ್ ತೂತೂ ಒಂದು ಕಾರಣ. ಬರೀ ಕೊರೆದು ಬೋಲ್ಟ್ ಬಿಗಿದರೆ ನೀರು ಫೋಮ್ ಸೇರುತ್ತದೆ, ಪದರ ಕಿತ್ತುಬರುತ್ತದೆ, ಉಳಿಸಿದ ತೂಕ ನೀರಾಗಿ ವಾಪಸ್ಸಾಗುತ್ತದೆ. 10 ಮಿ.ಮೀ. ಬೋಲ್ಟಿಗೆ 20 ಮಿ.ಮೀ. ಅಗಲಕ್ಕೆ ಫೋಮ್ ಕೆರೆದು ತೆಗೆದು, ಗಟ್ಟಿಯಾಗಿ ಕಲಸಿದ ಎಪಾಕ್ಸಿ ರೆಸಿನ್ ತುಂಬಿ, ಅದು ಒಣಗಿದ ಮೇಲೆ ನಡುವೆ 10ರ ತೂತು ಕೊರೆಯಿರಿ. ಕಾರ್ಬನ್ ಫೈಬರ್ ಇದ್ದಲ್ಲಿ ಅಲ್ಯೂಮಿನಿಯಂ ನೇರ ತಾಗಿಸಬೇಡಿ. ಉಪ್ಪುನೀರು ಸೋಕಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಮಧ್ಯೆ ಗಾಜಿನ ಪದರ ಇರಲಿ.

ದೊಡ್ಡ ಹಡಗಿನಲ್ಲಿ ನಿಜವಾದ ತೊಡಕು ರೆಸಿನ್‌ಗೆ ಹತ್ತುವ ಬೆಂಕಿ. ನೌಕಾಪಡೆಯ ಐಎನ್‌ಎಸ್ ಕಿಲ್ತಾನ್‌ನಲ್ಲಿ ಉಕ್ಕಿನ ಒಡಲ ಮೇಲೆ ಕಾಂಪೋಸಿಟ್ (ನಾರು-ರೆಸಿನ್ ಸೇರಿದ) ಮೇಲ್ಕಟ್ಟು ಇದೆ. ಅಂತರರಾಷ್ಟ್ರೀಯ ಪ್ರಯಾಣಿಕ ಹಡಗಿಗಾದರೆ ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ನಿಯಮ ಉಕ್ಕು ಅಥವಾ ಅದಕ್ಕೆ ಸಮನಾದ ವಸ್ತು ಕೇಳುತ್ತದೆ. ಬೇರೆ ವಸ್ತು ಬಳಸಲು ದಾರಿ ಇದೆ, ಆದರೆ ಸುರಕ್ಷತೆ ಅಷ್ಟೇ ಇದೆಯೆಂದು ವಿಶ್ಲೇಷಣೆಯಿಂದ ತೋರಿಸಬೇಕು. ಬೆಂಕಿ ತಡೆಯುವ ಹೊದಿಕೆಯ ತೂಕವನ್ನು ಮೊದಲ ಲೆಕ್ಕದಲ್ಲೇ ಸೇರಿಸಿಕೊಳ್ಳಿ.